ಐಟಿಐ ಹುಡುಗರು ದೀಪಾವಳಿಯ ಹೊತ್ತಿಗೆ ಕೈಚೆಲ್ಲುವುದೇಕೆ? ಬೋಧಕರು ಏನು ಮಾಡಬಹುದು?

ಮೂಲೆಮಟ್ಟ (ಚರ್ಚೆ ಆರಂಭಿಸಿದವರು)

ಹುಬ್ಬಳ್ಳಿಯ ಸಮೀಪದ ಒಂದು ಐಟಿಐಯಲ್ಲಿ ಫಿಟ್ಟರ್ ವೃತ್ತಿಯನ್ನು ಕಲಿಸುತ್ತ ನನಗೆ ಹನ್ನೊಂದು ವರ್ಷಗಳಾದವು. ವರ್ಷವರ್ಷವೂ ಅದೇ ಕತೆ. ಪ್ರವೇಶ ಮುಗಿದಾಗ ಇಪ್ಪತ್ತು ಹುಡುಗರು ಹೊಸ ಸಮವಸ್ತ್ರದಲ್ಲಿ ಬೆಂಚಿನ ಮುಂದೆ ನಿಂತಿರುತ್ತಾರೆ. ದೀಪಾವಳಿ ಮುಗಿಸಿಕೊಂಡು ಮರಳಿ ಬರುವವರು ಹನ್ನೆರಡೋ ಹದಿಮೂರೋ ಮಂದಿ. ಪರೀಕ್ಷೆಗೆ ಕೂರಬೇಕಾದರೆ ಶೇ. 80 ಹಾಜರಿ ಬೇಕು ಎಂದು ಹೆದರಿಸಿದರೆ ಬರುತ್ತಾರೆ, ಆದರೆ ಮೈ ಮಾತ್ರ ಇಲ್ಲಿರುತ್ತದೆ.

ಮೊದಲ ತಿಂಗಳುಗಳ ಕೆಲಸ ಏನೆಂಬುದು ಈ ವೃತ್ತಿಯವರಿಗೆ ಗೊತ್ತು. ಹ್ಯಾಕ್‌ಸಾ ಹಿಡಿದು ಕೊಯ್ಯುವುದು, ಗುರುತು ಹಾಕುವುದು, ಆಮೇಲೆ ಒಂದು ಕಬ್ಬಿಣದ ತುಂಡನ್ನು ವೈಸಿಗೆ ಕಟ್ಟಿ, ಮೂಲೆಮಟ್ಟ (ಮೂಲೆ ನೇರವಿದೆಯೇ ಎಂದು ನೋಡುವ ಉಪಕರಣ) ಇಟ್ಟು ನೋಡಿದಾಗ ಬೆಳಕು ನುಸುಳದಷ್ಟು ಸಮವಾಗುವವರೆಗೆ ಅರ ಹಾಕುವುದು. ಕಲಘಟಗಿಯ ಕಡೆಯ ಒಬ್ಬ ಹುಡುಗ ಮೊನ್ನೆ ನೇರವಾಗಿಯೇ ಕೇಳಿದ: "ಸರ್, ಈ ತುಂಡ ಇನ್ನ ಎಷ್ಟ ದಿನಾ ತಿಕ್ಕೂದ್ರಿ? ಕಂಪನ್ಯಾಗ ಎಲ್ಲಾ ಸಿಎನ್‌ಸಿ ಐತಂತ್ರಿ." ಸಿಎನ್‌ಸಿ ಎಂದರೆ ಕಂಪ್ಯೂಟರ್ ನಡೆಸುವ ಯಂತ್ರ. ನಾನು ರೈಲ್ವೆ, ಅಪ್ರೆಂಟಿಸ್, ಸ್ವಂತ ವರ್ಕ್‌ಶಾಪ್ ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಅದರ ಪ್ರಭಾವ ಎರಡು ದಿನ ಉಳಿಯಿತು. ಒಳ್ಳೆಯ ಜಾಬ್ (ಅಭ್ಯಾಸಕ್ಕೆ ತಯಾರಿಸುವ ತುಂಡು) ಮಾಡಿದವರಿಗೆ ಬಹುಮಾನ ಇಟ್ಟರೆ, ಮೊದಲೇ ಚೆನ್ನಾಗಿ ಮಾಡುತ್ತಿದ್ದ ಮೂವರೇ ಅದನ್ನು ಹಂಚಿಕೊಂಡರು.

"ಸ್ಫೂರ್ತಿ ತುಂಬಿರಿ" ಎಂಬ ಸಲಹೆ ದಯವಿಟ್ಟು ಬೇಡ. ನಿಮ್ಮ ತರಗತಿಯಲ್ಲಿ ನೀವೇ ಮಾಡಿ ನೋಡಿದ್ದು, ಫಲ ಕೊಟ್ಟದ್ದು ಅಥವಾ ಕೊಡದೇ ಹೋದದ್ದು ಏನಾದರೂ ಇದ್ದರೆ ಹೇಳಿ.

ಬೇಲೂರು ಎರಡನೇ ಪಾಳಿ

ಮೊದಲು ಸಂಬಳ ಎಷ್ಟು ಎಂದು ಹೇಳಿ ಸರ್, ಆಮೇಲೆ ಉತ್ಸಾಹ ಕೇಳಿ.

ಗೋಕುಲ ರಸ್ತೆ

ಸಂಬಳದ ಮಾತು ಆಮೇಲೆ ಆಡೋಣ. ಆ ಹುಡುಗನ ಸಿಎನ್‌ಸಿ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇದೆ. ನಮ್ಮದು ವಾಲ್ವ್ ಬಿಡಿಭಾಗಗಳನ್ನು ಮಾಡುವ ಸಣ್ಣ ಘಟಕ. ಕೈಗಾರಿಕಾ ವಾಲ್ವುಗಳಿಗೆ ಹುಬ್ಬಳ್ಳಿ ಎಷ್ಟು ಹೆಸರುವಾಸಿ ಎಂಬುದು ಇಲ್ಲಿಯ ಹುಡುಗರಿಗೇ ಗೊತ್ತಿಲ್ಲ ಎಂಬುದು ನನ್ನ ಹಳೆಯ ಕೊರಗು, ಅದಿರಲಿ. ಸಿಎನ್‌ಸಿ ಯಂತ್ರದಿಂದ ಹೊರಬಂದ ಭಾಗದ ಅಂಚಿನಲ್ಲಿ ಚೂಪಾದ ಮುಳ್ಳು ಉಳಿದಿರುತ್ತದೆ. ಅದನ್ನು ತೆಗೆಯುವುದು ಕೈ. ಗೇಟ್ ವಾಲ್ವಿನಲ್ಲಿ ದಾರಿ ಮುಚ್ಚುವ ಬೆಣೆಯೂ ಅದು ಕೂರುವ ಸೀಟೂ ಪೂರ್ತಿ ಕೂಡುತ್ತವೆಯೇ ಎಂದು ನೋಡಲು ನೀಲಿ ಬಣ್ಣ ಸವರಿ ಒತ್ತಿ ತೆಗೆಯುತ್ತೇವೆ. ಬಣ್ಣ ಹತ್ತದ ಜಾಗ ಎಂದರೆ ತಗ್ಗು, ಸುತ್ತಲಿನ ಉಬ್ಬನ್ನು ಇಳಿಸುವುದು ಮತ್ತೆ ಕೈ. ಕೊನೆಗೆ ನೀರಿನ ಒತ್ತಡದ ಪರೀಕ್ಷೆ. ವಾಲ್ವಿನ ಒಡಲಿಗೆ ಅದು ತಾಳಬೇಕಾದ ಒತ್ತಡದ ಒಂದೂವರೆ ಪಟ್ಟು, ಸೀಟಿಗೆ 1.1 ಪಟ್ಟು. ಅಲ್ಲಿ ಒಂದು ಹನಿ ಜಿನುಗಿದರೆ ಯಾರ ಭಾಷಣವೂ ಅದನ್ನು ನಿಲ್ಲಿಸುವುದಿಲ್ಲ.

ಹುಡುಗರನ್ನು ಒಂದು ಶನಿವಾರ ಕರೆದುಕೊಂಡು ಬನ್ನಿ. ತೋರಿಸುತ್ತೇನೆ.

ಬೇಲೂರು ಎರಡನೇ ಪಾಳಿ

ಮಾಲೀಕರು ಹನಿಯನ್ನು ತೋರಿಸುತ್ತಾರೆ, ಸಂಬಳದ ಚೀಟಿಯನ್ನು ತೋರಿಸುವುದಿಲ್ಲ. ನಾನು ಫಿಟ್ಟರ್ ಮುಗಿಸಿ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಕ್ಷಮಿಸಿ. ಮೂಲೆಮಟ್ಟ ಸರ್, ನಿಮ್ಮ ಹುಡುಗರು ದಡ್ಡರಲ್ಲ. ಅವರ ಊರಿನಲ್ಲಿ ಹಿಂದಿನ ಬ್ಯಾಚಿನ ಅಣ್ಣಂದಿರು ಇದ್ದಾರೆ. ಒಂದು ವರ್ಷ ಅಪ್ರೆಂಟಿಸ್ ಮುಗಿಸಿ, ಪ್ರಮಾಣಪತ್ರ ಹಿಡಿದುಕೊಂಡು, ಕಾಯಂ ಆಗದೆ ಮನೆಗೆ ಬಂದು ಕುಳಿತವರನ್ನು ಅವರು ಕಣ್ಣಾರೆ ಕಂಡಿದ್ದಾರೆ. ನೀವು ತರಗತಿಯಲ್ಲಿ "ಕಂಪನಿ ಕೈಬೀಸಿ ಕರೆಯುತ್ತದೆ" ಎಂದರೆ, ಸಂಜೆ ಬಸ್ ನಿಲ್ದಾಣದಲ್ಲಿ ಆ ಅಣ್ಣ "ಸುಳ್ಳು" ಎನ್ನುತ್ತಾನೆ. ಹುಡುಗ ನಂಬುವುದು ಅಣ್ಣನನ್ನೇ.

ನನ್ನನ್ನು ಕೊನೆಯವರೆಗೂ ಹಿಡಿದಿಟ್ಟದ್ದು ಒಂದೇ ಸಂಗತಿ. ನಮ್ಮ ಸರ್ ಅಂಥದ್ದೇ ಒಬ್ಬ ಅಣ್ಣನನ್ನು ತರಗತಿಗೆ ಕರೆಸಿ, ಸಂಬಳದ ಚೀಟಿಯನ್ನು ಬೋರ್ಡಿನ ಮೇಲೆ ಸಾಲುಸಾಲಾಗಿ ಬರೆಸಿದರು. ಪಿಎಫ್‌ಗೆ ಎಷ್ಟು, ಕ್ಯಾಂಟೀನಿಗೆ ಎಷ್ಟು, ಕೋಣೆಯ ಬಾಡಿಗೆಗೆ ಎಷ್ಟು, ಊರಿಗೆ ಕಳುಹಿಸಲು ಉಳಿಯುವುದು ಎಷ್ಟು ಎಂಬುದೆಲ್ಲ ಬಯಲಾಯಿತು. ಉಳಿಯುವ ಮೊತ್ತ ಸಣ್ಣದಾಗಿತ್ತು, ಆದರೆ ಅದು ನಿಜವಾಗಿತ್ತು. ಅದೇ ದಿನ ಅವರು ಇನ್ನೊಂದು ದಾರಿಯನ್ನೂ ಬರೆದರು: ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು, ಅಲ್ಲಿಂದ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗಬಹುದು. ನಾನು ಆ ದಾರಿಯಲ್ಲಿ ಹೋಗಲಿಲ್ಲ. ಆದರೆ ಹಿಂದಿನ ಬಾಗಿಲು ತೆರೆದಿದೆ ಎಂದು ತಿಳಿದ ಮೇಲೆ ಉಸಿರು ಕಟ್ಟುವುದು ನಿಂತಿತು.

ಗೋಕುಲ ರಸ್ತೆ

ತಮ್ಮಾ, ನನ್ನಲ್ಲಿ ಒಂಬತ್ತು ಜನ ಇದ್ದಾರೆ. ಶನಿವಾರ ನೀವೂ ಬನ್ನಿ, ಚೀಟಿಯನ್ನೂ ತೋರಿಸುತ್ತೇನೆ.

ಸಂಶೋಧನಾ ವಿದ್ಯಾರ್ಥಿ, ಧಾರವಾಡ

ನಾನು ಶಿಕ್ಷಣಶಾಸ್ತ್ರ ಓದುತ್ತಿರುವವನು, ವರ್ಕ್‌ಶಾಪಿನ ಅನುಭವ ನನಗಿಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಬಹುಮಾನ ಫಲಿಸಲಿಲ್ಲ ಎಂಬುದು ನನಗೆ ಆಶ್ಚರ್ಯ ತರಲಿಲ್ಲ. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮೂವರು, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬಹುಮಾನ ಸಿಗುತ್ತದೆ ಎಂದು ಮೊದಲೇ ಹೇಳಿಸಿಕೊಂಡು ಚಿತ್ರ ಬಿಡಿಸಿದ ಮಕ್ಕಳು, ಕೆಲವು ದಿನಗಳ ನಂತರ ಬಿಡುವಿನ ಹೊತ್ತಿನಲ್ಲಿ ಬಣ್ಣದ ಪೆನ್ನುಗಳತ್ತ ಹೋದದ್ದು ಉಳಿದವರಿಗಿಂತ ಕಡಿಮೆ. ಹೇಳದೆ ಕೊಟ್ಟ ಬಹುಮಾನದಿಂದ ಅಂಥ ಹಾನಿ ಕಾಣಲಿಲ್ಲ. ಆಟವಾಗಿದ್ದದ್ದು ಕೂಲಿಯಾಯಿತು ಎಂದು ಅದನ್ನು ಅರ್ಥ ಮಾಡಿಕೊಳ್ಳಬಹುದು.

ವೆಲ್ಡಿಂಗ್ ಹೊಗೆ, ರಾಣೆಬೆನ್ನೂರು

ಶಿಶುವಿಹಾರದ ಮಕ್ಕಳಿಗೆ ಚಿತ್ರ ಇಷ್ಟವಿತ್ತು ಎಂದು ನೀವೇ ಬರೆದಿದ್ದೀರಿ. ನಮ್ಮ ಹುಡುಗರಿಗೆ ಅರ ಹಾಕುವುದು ಇಷ್ಟವಾಗಿದ್ದರೆ ಈ ಚರ್ಚೆಯೇ ಇರುತ್ತಿರಲಿಲ್ಲ. ಇಲ್ಲದ ಪ್ರೀತಿಯನ್ನು ಬಹುಮಾನ ಹೇಗೆ ಕೆಡಿಸೀತು?

ಸಂಶೋಧನಾ ವಿದ್ಯಾರ್ಥಿ, ಧಾರವಾಡ

ನ್ಯಾಯವಾದ ಮಾತು, ಒಪ್ಪಿದೆ. ಹಾಗಿದ್ದರೆ ಹೆಚ್ಚು ಹತ್ತಿರದ ಉದಾಹರಣೆಯನ್ನು ಕೊಡುತ್ತೇನೆ. ಹಲ್ಲೆಮನ್ ಮತ್ತು ಹರಾಕಿವಿಜ್ ಎಂಬಿಬ್ಬರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರೌಢಶಾಲೆಯ ವಿಜ್ಞಾನ ತರಗತಿಗಳದ್ದು. ಕೆಲವು ವಿದ್ಯಾರ್ಥಿಗಳು ಪಾಠದ ಸಾರಾಂಶವನ್ನು ಬರೆದರು; ಇನ್ನು ಕೆಲವರು ಅದೇ ಪಾಠಕ್ಕೂ ತಮ್ಮ ಬದುಕಿಗೂ ಇರುವ ಸಂಬಂಧವನ್ನು ತಾವೇ ಹುಡುಕಿ ಬರೆದರು. "ನನ್ನಿಂದ ಆಗುವುದಿಲ್ಲ" ಎಂದುಕೊಂಡಿದ್ದ ವಿದ್ಯಾರ್ಥಿಗಳಲ್ಲಿ, ಎರಡನೆಯ ಗುಂಪಿನವರ ಆಸಕ್ತಿಯೂ ಅಂಕವೂ ಏರಿದವು. ಇಲ್ಲಿ ಗಮನಿಸಬೇಕಾದದ್ದು, ಸಂಬಂಧವನ್ನು ಹೇಳಿದವರು ಮೇಷ್ಟರಲ್ಲ, ಕಂಡುಕೊಂಡವನು ವಿದ್ಯಾರ್ಥಿ. ಮೂಲೆಮಟ್ಟ ಅವರ ಅರ್ಧ ಗಂಟೆಯ ಭಾಷಣ ಎರಡೇ ದಿನ ಬಾಳಿದ್ದಕ್ಕೆ ಇದೂ ಕಾರಣವಿರಬಹುದು.

ವೆಲ್ಡಿಂಗ್ ಹೊಗೆ, ರಾಣೆಬೆನ್ನೂರು

ಇದು ಪರವಾಗಿಲ್ಲ. ಆದರೆ ನಮ್ಮ ಹುಡುಗರಿಗೆ ಬರೆಯಲು ಹೇಳಿದರೆ ಪಕ್ಕದವನ ರೆಕಾರ್ಡ್ ನೋಡಿ ಇಳಿಸುತ್ತಾರೆ. ನಾನು ಬರೆಸುವುದಿಲ್ಲ, ಒಡೆಸುತ್ತೇನೆ.

ವೆಲ್ಡಿಂಗ್ ತರಗತಿಯಲ್ಲಿ ಮೊದಲು ನಾನೇ ಪ್ರತಿ ಜಾಬಿಗೂ ಅಂಕ ಹಾಕುತ್ತಿದ್ದೆ. "ಸರ್ ನನಗೆ ಕಡಿಮೆ ಹಾಕಿದರು" ಎಂಬ ಗೊಣಗಾಟ ಬಿಟ್ಟರೆ ಬೇರೇನೂ ಆಗುತ್ತಿರಲಿಲ್ಲ. ಈಗ ಹುಡುಗ ತಾನು ಬೆಸೆದ ತುಂಡನ್ನು ತಾನೇ ವೈಸಿಗೆ ಕಟ್ಟಿ, ಸುತ್ತಿಗೆಯಿಂದ ಬಗ್ಗಿಸಿ ಮುರಿಯಬೇಕು. ಮುರಿದ ಜಾಗದಲ್ಲಿ ಕಪ್ಪು ಗಸಿ ಸಿಕ್ಕಿಕೊಂಡಿದ್ದರೆ ಮೊದಲ ಸುತ್ತಿನ ಮೇಲೆ ಚಿಪ್ಪಿಂಗ್ (ಗಸಿ ಕೆತ್ತಿ ತೆಗೆಯುವುದು) ಸರಿಯಾಗಿ ಮಾಡಿಲ್ಲ ಎಂದು ಅವನಿಗೇ ತಿಳಿಯುತ್ತದೆ. ಗುಳ್ಳೆ ಗುಳ್ಳೆಯಾಗಿದ್ದರೆ ರಾಡು ತೇವ ಹಿಡಿದಿತ್ತು ಅಥವಾ ಆರ್ಕ್ ಉದ್ದವಾಯಿತು. ಬದಿಯಲ್ಲಿ ಕೊರೆದಂತಿದ್ದರೆ ಕರೆಂಟು ಹೆಚ್ಚಾಯಿತು. ನಾನು ಬಾಯಿ ತೆರೆಯುವ ಅಗತ್ಯವೇ ಇಲ್ಲ. ಕಳೆದ ವರ್ಷ ಒಬ್ಬ ಹುಡುಗ ಎಷ್ಟು ಬಡಿದರೂ ಮುರಿಯದ ಜೋಡಣೆಯನ್ನು ಕಂಡು, ತನ್ನದೇ ಕೈ ಎಂದು ನಂಬಲಾರದೆ, ಮೂರು ಜನರನ್ನು ಕರೆತಂದು ಬಡಿಸಿದ. ಆಮೇಲೆ ಅವನು ರಜೆ ಹಾಕಿದ್ದು ನನಗೆ ನೆನಪಿಲ್ಲ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಎಲ್ಲರೂ ಹುಡುಗರ ಉತ್ಸಾಹದ ಬಗ್ಗೆ ಕೇಳುತ್ತಾರೆ. ನಾನು ಅತಿಥಿ ಬೋಧಕ. ನಾನಿರುವ ಸಂಸ್ಥೆಯಲ್ಲಿ ಗೌರವಧನ ನಾಲ್ಕು ತಿಂಗಳಿಗೊಮ್ಮೆ ಬಂದದ್ದೂ ಉಂಟು. ಅಭ್ಯಾಸಕ್ಕೆ ರಾಡುಗಳನ್ನು ಎಣಿಸಿ ಕೊಡಬೇಕಾದ ಸ್ಥಿತಿ ಇರುವಾಗ, ಕೈ ಕುದುರುವ ಮೊದಲೇ ರಾಡು ಮುಗಿದಿರುತ್ತದೆ.

ಗವಂತಿ

ಕಬ್ಬಿಣದವರ ನಡುವೆ ಸೂಜಿಯವಳಿಗೆ ಜಾಗ ಇದ್ದರೆ ನನ್ನದೂ ಒಂದು ಮಾತು. ಧಾರವಾಡದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಮತ್ತು ಕಸೂತಿ ಕಲಿಸುತ್ತೇನೆ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು, ಹಿಂದೆಯೂ ಮುಂದೆಯೂ ಒಂದೇ ತೆರನಾಗಿ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರ ಸೊಟ್ಟಗಾಗುತ್ತದೆ, ಬಿಚ್ಚಬೇಕು. ನಿಮ್ಮ ಅರದ ಕೆಲಸಕ್ಕಿಂತ ಬೇಸರ ಕಡಿಮೆ ಎಂದು ತಿಳಿಯಬೇಡಿ.

ಮೊದಲೆಲ್ಲ ಅಭ್ಯಾಸಕ್ಕೆ ತುಂಡು ಬಟ್ಟೆ ಕೊಡುತ್ತಿದ್ದೆ. ಆ ತುಂಡುಗಳು ಚೀಲದಲ್ಲಿ ಬಿದ್ದಿರುತ್ತಿದ್ದವು, ಹದಿನೈದು ದಿನಕ್ಕೆ ಅರ್ಧ ಜನ ಬರುವುದನ್ನು ನಿಲ್ಲಿಸುತ್ತಿದ್ದರು. ಈಗ ಮೊದಲ ದಿನವೇ ಅವರವರ ಕುಪ್ಪಸದ ಕಣವನ್ನೇ ತರಲು ಹೇಳುತ್ತೇನೆ. ಒಂದೇ ಬೆರಳಗಲದ ಅಂಚು, ಅಷ್ಟೇ. ತಪ್ಪಾದರೆ ತಮ್ಮದೇ ಕುಪ್ಪಸ ಕೆಡುತ್ತದೆ ಎಂದು ಹೆದರುತ್ತಾರೆ, ಆ ಹೆದರಿಕೆಯೇ ಎಳೆ ಎಣಿಸುವುದನ್ನು ಕಲಿಸುತ್ತದೆ. ಮುಗಿದ ಮೇಲೆ ಅದನ್ನು ತೊಟ್ಟು ಮದುವೆಗೋ ಜಾತ್ರೆಗೋ ಹೋಗುತ್ತಾರೆ. ಅಲ್ಲಿ ಯಾರೋ ಒಬ್ಬರು "ಎಲ್ಲಿ ತಗೊಂಡಿ ಇದನ್ನ?" ಎಂದು ಕೇಳಿದರೆ ಸಾಕು, ಮರುದಿನದಿಂದ ಹಾಜರಿ ಪುಸ್ತಕದ ಕೆಲಸ ನನಗೆ ಉಳಿಯುವುದಿಲ್ಲ. ಹಳ್ಳಿಯ ಹೆಣ್ಣುಮಕ್ಕಳು ಬರುವುದು ಹೆಚ್ಚಿದ್ದಕ್ಕೆ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವೂ ಕಾರಣ. ಆ ಶ್ರೇಯಸ್ಸನ್ನು ನಾನು ಕಸಿದುಕೊಳ್ಳುವುದಿಲ್ಲ.

ಮೂಲೆಮಟ್ಟ

ಗವಂತಿ ಅಕ್ಕಾವ್ರೆ, ನಿಮ್ಮ "ತುಂಡುಗಳು ಚೀಲದಲ್ಲಿ ಬಿದ್ದಿರುತ್ತಿದ್ದವು" ಎಂಬ ಮಾತು ನನ್ನನ್ನು ಕುಕ್ಕಿತು. ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ದೊಡ್ಡ ತಗಡಿನ ಪೆಟ್ಟಿಗೆ ಇದೆ. ಅಂಕ ಹಾಕಿ ಮುಗಿದ ಜಾಬ್‌ಗಳನ್ನೆಲ್ಲ ಅದಕ್ಕೇ ಎಸೆಯುತ್ತೇವೆ. ತುಂಬಿದ ಮೇಲೆ ಕಚೇರಿಯ ವಿಧಿಗಳನ್ನು ಪೂರೈಸಿ ಗುಜರಿಗೆ ಹೋಗುತ್ತದೆ. ಇಂದು ಸಂಜೆ ಅದನ್ನು ತೆರೆದು ನೋಡಿದೆ. ತುಕ್ಕು ಹಿಡಿದ ಚೌಕಗಳು, ಒಂದರೊಳಗೊಂದು ಕೂರುವಂತೆ ವಾರಗಟ್ಟಲೆ ತಿಕ್ಕಿದ ಜೋಡಿಗಳು, ಕೆಲವುಗಳ ಮೇಲೆ ಹುಡುಗರು ಕೊರೆದ ಕ್ರಮಸಂಖ್ಯೆ ಇನ್ನೂ ಕಾಣುತ್ತದೆ. ಹೊಸ ಬ್ಯಾಚಿನವರು ಮೊದಲ ಜಾಬನ್ನು ಒಪ್ಪಿಸುವುದು ಸುಮಾರು ದಸರೆಯ ಹೊತ್ತಿಗೆ. ಎಂದರೆ, ತಾವು ತಿಕ್ಕಿದ್ದು ಎಲ್ಲಿಗೆ ಹೋಗುತ್ತದೆ ಎಂದು ಅವರು ಮೊದಲ ಬಾರಿಗೆ ನೋಡುವುದೂ ಆಗಲೇ. ದೀಪಾವಳಿಗೆ ಹುಡುಗರು ಖಾಲಿಯಾಗುವುದಕ್ಕೆ ಹಬ್ಬ, ಸುಗ್ಗಿ, ಮೊಬೈಲು ಎಂದು ಹನ್ನೊಂದು ವರ್ಷ ಕಾರಣ ಹುಡುಕಿದ ನಾನು ಈ ಪೆಟ್ಟಿಗೆಯನ್ನು ದಿನವೂ ದಾಟಿ ಹೋಗುತ್ತಿದ್ದೆ.

ಸಪ್ತಾಪುರ

ಒಂದು ಪೆಟ್ಟಿಗೆಯ ಮೇಲೆ ಇಷ್ಟೊಂದು ಭಾರ ಹೇರುವುದು ಸರಿಯೇ? ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಪಾಠ ಹೇಳುವವನು. ನಮ್ಮಲ್ಲಿ ಬಾಡಿಗೆ ಕೋಣೆಗಳಲ್ಲಿ ವರ್ಷಗಟ್ಟಲೆ ಇದ್ದು ಓದುವವರು ಮಾಡುವ ಅಭ್ಯಾಸವೆಲ್ಲ ರದ್ದಿಗೇ ಹೋಗುತ್ತದೆ, ಆದರೂ ಅವರು ನಸುಕಿನಲ್ಲಿ ಎದ್ದು ಕೂರುತ್ತಾರೆ. ಎದುರಿಗೆ ಗುರಿ ಇದ್ದರೆ ಆಯಿತು. ಭಾಷಣವನ್ನು ಎಲ್ಲರೂ ಹೀಯಾಳಿಸುತ್ತಿದ್ದೀರಿ. ಹೊಸ ಬ್ಯಾಚಿನ ಮೊದಲ ದಿನ, ಆಯ್ಕೆಯಾದವರನ್ನು ಕರೆಸಿ ನಾವು ಮಾತಾಡಿಸುವುದು ಸುಮ್ಮನೆ ಅಲ್ಲ.

ಬೇಲೂರು ಎರಡನೇ ಪಾಳಿ

ಆಯ್ಕೆಯಾಗದವರನ್ನು ಒಂದು ದಿನ ಕರೆಸಿ ಮಾತಾಡಿಸಿ ಸರ್.

ಸಪ್ತಾಪುರ

ಆ ಮಾತು ಚುಚ್ಚುತ್ತದೆ, ಸುಳ್ಳಲ್ಲ. ಆದರೂ ನನ್ನ ಅನುಭವದ ಒಂದು ಅಂಶವನ್ನು ಒಪ್ಪಿಕೊಳ್ಳಿ. ವಾರದ ಟೆಸ್ಟ್ ಪೇಪರನ್ನು ಅದೇ ದಿನ ತಿದ್ದಿ ಕೊಟ್ಟರೆ ಮುಂದಿನ ವಾರ ಬೆಂಚು ತುಂಬಿರುತ್ತದೆ. ಹತ್ತು ದಿನ ತಡಮಾಡಿ ಕೊಟ್ಟರೆ ಅಂಕ ನೋಡಿ ಮಡಚಿ ಇಡುತ್ತಾರೆ, ತಪ್ಪನ್ನು ಓದುವುದಿಲ್ಲ. ವೆಲ್ಡಿಂಗ್ ಹೊಗೆಯವರು ಮುರಿದು ತೋರಿಸುವುದೂ ಇದೇ ಅಲ್ಲವೇ? ತಪ್ಪು ಬಿಸಿಯಾಗಿರುವಾಗಲೇ ಅವನ ಕಣ್ಣಿಗೆ ಬೀಳಬೇಕು.

ಬೆಟಗೇರಿ ತಬಲಾ

ಗದಗದಿಂದ ಬರೆಯುತ್ತಿದ್ದೇನೆ. ಅರ ಹಾಕುವ ಬೇಸರದ ಮಾತು ಕೇಳಿ ನನಗೆ ತಬಲಾದ "ತಿರಕಿಟ" ನೆನಪಾಯಿತು. ಅದೊಂದೇ ಬೋಲನ್ನು ನಾನು ತಿಂಗಳುಗಟ್ಟಲೆ ಬಾರಿಸಿದ್ದೇನೆ. ನಮ್ಮೂರಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿದವರಿಗೆ ಇದು ಹೊಸದಲ್ಲ. ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ, ಅದನ್ನೇ ಅವರ ಅನ್ನದ ದಾರಿ ಮಾಡಿಕೊಟ್ಟರು. ನಾವು ಅದನ್ನು ಭಕ್ತಿಯಿಂದ ನೆನೆಯುತ್ತೇವೆ, ಅದು ವೃತ್ತಿ ಶಿಕ್ಷಣವೂ ಹೌದು ಎಂಬುದನ್ನು ಮರೆಯುತ್ತೇವೆ. ಒಂದೇ ಪಾಠವನ್ನು ಸಾವಿರ ಸಲ ಮಾಡುವುದರಿಂದ ಮಕ್ಕಳು ಓಡಿಹೋಗುವುದಿಲ್ಲ. ಪಕ್ಕದಲ್ಲಿ ಕುಳಿತವನು ಅದೇ ಪಾಠವನ್ನು ನನಗಿಂತ ಸ್ವಲ್ಪ ಚೆನ್ನಾಗಿ ಮಾಡುತ್ತಿದ್ದರೆ, ನಾಳೆ ಭಜನೆಯಲ್ಲಿ ನನಗೂ ಹಿಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ ಎಂಬ ಆಸೆ ಇದ್ದರೆ, ಕೈ ತಾನಾಗಿ ಓಡುತ್ತದೆ. ಬೆಂಚಿನ ಮುಂದೆ ಒಬ್ಬೊಬ್ಬನೇ ನಿಂತು ಗೋಡೆಗೆ ಮುಖ ಮಾಡಿ ತಿಕ್ಕುವುದಿದೆಯಲ್ಲ, ಅದರ ಒಂಟಿತನವೇ ಬೇಸರ ತರುವುದು.

ಗೋಕುಲ ರಸ್ತೆ

ಸಂಗೀತಕ್ಕೆ ಬರುವವನು ಇಷ್ಟಪಟ್ಟು ಬರುತ್ತಾನೆ. ಐಟಿಐಗೆ ಬರುವ ಹಲವರು ಪಿಯುಸಿ ವಿಜ್ಞಾನದಲ್ಲಿ ಸೀಟು ಸಿಗದೆ, ಅಪ್ಪ ಬೈದದ್ದಕ್ಕೆ ಬಂದವರು.

ಬೆಟಗೇರಿ ತಬಲಾ

ಕಣ್ಣಿಲ್ಲದ ಎಂಟು ವರ್ಷದ ಹುಡುಗನನ್ನು ಮನೆಯವರು ತಂದು ಬಿಟ್ಟು ಹೋಗುವಾಗ ಅವನ ಇಷ್ಟ ಕೇಳಿರುತ್ತಾರೆಯೇ ಸರ್?

ಟೆಸ್ಟರ್

ನಾನು ಎಲೆಕ್ಟ್ರಿಷಿಯನ್ ಎರಡನೇ ವರ್ಷದ ವಿದ್ಯಾರ್ಥಿನಿ, ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಇಬ್ಬರೇ. ಇಲ್ಲಿ ಎಲ್ಲರೂ "ಹುಡುಗರು" ಎಂದೇ ಬರೆಯುತ್ತಿದ್ದೀರಿ. ನಮ್ಮನ್ನು ಯಾರೂ ಬೈಯುವುದಿಲ್ಲ, ಅದೇ ತೊಂದರೆ. ವೈರಿಂಗ್ ಬೋರ್ಡಿನ ಮುಂದೆ ಹುಡುಗರು ನಿಲ್ಲುತ್ತಾರೆ, ನಮ್ಮ ಅಕ್ಷರ ಚೆನ್ನಾಗಿದೆ ಎಂದು ರೆಕಾರ್ಡ್ ಬರೆಯಲು ನಮ್ಮನ್ನು ಕೂರಿಸುತ್ತಾರೆ. ಮೊದಲ ವರ್ಷ ಮೋಟರ್ ಸ್ಟಾರ್ಟರ್ ಬಿಚ್ಚಿದ್ದೇ ಇಲ್ಲ. ಈ ವರ್ಷ ಬಂದ ಸರ್ ಒಂದು ನಿಯಮ ಮಾಡಿದರು: ರೆಕಾರ್ಡ್ ಬರೆಯುವವರೇ ಜೋಡಿಸಬೇಕು, ಜೋಡಿಸಿದವರೇ ಬರೆಯಬೇಕು. ಮೋಟರ್ ಮೊದಲ ಸಲ ಉಲ್ಟಾ ತಿರುಗಿತು. ಎರಡು ಫೇಸ್ ಅದಲುಬದಲು ಮಾಡಿದರೆ ಸರಿಯಾಗುತ್ತದೆ ಎಂದು ಪುಸ್ತಕದಲ್ಲಿ ನಾನೇ ನಾಲ್ಕು ಸಲ ಬರೆದಿದ್ದೆ. ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ನನ್ನ ಕೈಯಿಂದ ಬದಲಿಸಿದ ದಿನ ಅದು ಅರ್ಥವಾಯಿತು.

ಕಪ್ಪತಗುಡ್ಡದ ಗಾಳಿ

ಭಲೆ ತಂಗಿ. ನಾನು ಗದಗ ಜಿಲ್ಲೆಯ ಗಾಳಿ ವಿದ್ಯುತ್ ಯಂತ್ರಗಳ ನಿರ್ವಹಣೆಯಲ್ಲಿರುವ ಎಲೆಕ್ಟ್ರಿಷಿಯನ್. ಐಟಿಐ ವಿದ್ಯಾರ್ಥಿಗಳು ಆಗಾಗ ನೋಡಲು ಬರುತ್ತಾರೆ. ಕೆಳಗಿನಿಂದ ಫ್ಯಾನಿನಂತೆ ಕಾಣುವುದು ಹತ್ತಿರ ಹೋದಾಗ ಎಂಥದ್ದು ಎಂದು ತಿಳಿಯುತ್ತದೆ. ಸೊಂಟಕ್ಕೂ ಹೆಗಲಿಗೂ ಬೆಲ್ಟ್ ಬಿಗಿದುಕೊಂಡು ಕಂಬದೊಳಗಿನ ಏಣಿ ಹತ್ತಬೇಕು, ಮೇಲೆ ಹೋಗಿ ಬೋಲ್ಟುಗಳ ಬಿಗಿತವನ್ನು ಅಳತೆಯ ಪಾನಾದಿಂದ ಪರೀಕ್ಷಿಸಬೇಕು ಎಂದು ವಿವರಿಸಿದರೆ ಕೆಲವರ ಕಣ್ಣು ಅರಳುತ್ತದೆ, ಕೆಲವರ ಮುಖ ಬಿಳಿಚುತ್ತದೆ. ಒಬ್ಬ ಹುಡುಗ ನೇರವಾಗಿ "ನನಗ ಇದು ಒಗ್ಗೂದಿಲ್ರಿ" ಎಂದ. ಜೊತೆಗಿದ್ದ ಬೋಧಕರು ಅವನನ್ನು ಗದರಿಸಲಿಲ್ಲ, ಮೋಟರ್ ರಿವೈಂಡಿಂಗ್ ಅಂಗಡಿಯೊಂದಕ್ಕೆ ಸೇರಿಸಿದರು. ಇದು ತನಗೆ ಬೇಡ ಎಂದು ಎರಡನೇ ತಿಂಗಳಲ್ಲೇ ತಿಳಿಯುವುದೂ ಲಾಭವೇ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರುವಂತೆ ತರಗತಿ ಇರಬೇಕು.

ಬ್ಯಾಡಗಿಯ ತಂದೆ

ಮೇಷ್ಟರುಗಳ ನಡುವೆ ಒಬ್ಬ ರೈತ ಬರೆದರೆ ತಪ್ಪು ತಿಳಿಯಬೇಡಿ. ಮಗನ ಹಾಜರಿ ಕೆಡಿಸಿದವನು ನಾನೇ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಆಳು ಸಿಗುವುದಿಲ್ಲ, ಮಾರುಕಟ್ಟೆಗೆ ಮಾಲು ಹೋಗುವ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಕೈ ಬೇಕೇ ಬೇಕು. ಅವನು ಅಲ್ಲಿ ಏನು ಕಲಿಯುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕಬ್ಬಿಣ ತಿಕ್ಕುತ್ತಾನೆ ಎಂದಷ್ಟೇ ಗೊತ್ತಿತ್ತು. ತಿಕ್ಕುವುದು ನಾಲ್ಕು ದಿನ ತಡವಾದರೆ ಏನು ನಷ್ಟ ಎಂದುಕೊಂಡಿದ್ದೆ.

ಒಂದು ದಿನ ಔಷಧ ಹೊಡೆಯುವ ಪಂಪು ಕೆಟ್ಟಿತು. ರಿಪೇರಿಗೆ ಪೇಟೆಗೆ ಹೋದರೆ ಒಂದು ದಿನ ಹಾಳು. ಮಗ ಅದನ್ನು ಬಿಚ್ಚಿ, ಸವೆದ ವಾಷರನ್ನು ಗುರುತಿಸಿ, ಬಾಗಿದ ಸರಳನ್ನು ನೆಟ್ಟಗೆ ಮಾಡಿ, ಅರ ಹಾಕಿ ಕೂರಿಸಿ ಕೊಟ್ಟ. ಒಂದು ತಾಸೂ ಹಿಡಿಯಲಿಲ್ಲ. ನಾನು ಅವನಿಗೆ ಏನೂ ಹೇಳಲಿಲ್ಲ, ನಮ್ಮ ಕಡೆ ಅಪ್ಪಂದಿರು ಹಾಗೆ ಹೇಳುವುದಿಲ್ಲ. ಆದರೆ ಮರುವಾರ ಕಾಯಿ ಬಿಡಿಸಲು ಅವನನ್ನು ಕರೆಯದೆ, ಕೂಲಿ ಕೊಟ್ಟು ಬೇರೆಯವರನ್ನು ಕರೆದೆ. ಮೇಷ್ಟರು ನಮ್ಮ ಮನೆಗೆ ಬಂದು ಅವನು ಇಂಥದ್ದನ್ನು ಕಲಿಯುತ್ತಿದ್ದಾನೆ ಎಂದು ಮೊದಲೇ ಹೇಳಿದ್ದರೆ ಆ ಪಂಪು ಕೆಡುವವರೆಗೆ ಕಾಯಬೇಕಾಗಿರಲಿಲ್ಲ.

ಮೂಲೆಮಟ್ಟ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಬ್ಯಾಡಗಿಯ ಯಜಮಾನರ ಮಾತನ್ನು ಸಿಬ್ಬಂದಿ ಕೋಣೆಯಲ್ಲಿ ಓದಿ ಹೇಳಿದಾಗ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹನ್ನೊಂದು ವರ್ಷಗಳಲ್ಲಿ ನಾನು ವಿದ್ಯಾರ್ಥಿಗಳ ಮನೆಗೆ ಹೋದದ್ದು ಎರಡೇ ಸಲ. ಎರಡೂ ಸಲ ದೂರು ಹೇಳಲು.

ಒಂದು ಯೋಚನೆ ಬಂದಿದೆ, ತಪ್ಪಿದ್ದರೆ ತಿದ್ದಿ. ಮೊದಲ ಜಾಬನ್ನು ಚೌಕದ ಬದಲು ಬಾಗಿಲಿನ ಚಿಲಕ ಮಾಡಿದರೆ ಹೇಗೆ? ಕೊಯ್ಯುವುದು, ಗುರುತು ಹಾಕುವುದು, ಅರ, ತೂತು, ಎಲ್ಲವೂ ಅದರಲ್ಲಿ ಬರುತ್ತದೆ. ಅವನ ಮನೆಯ ಬಾಗಿಲಿಗೆ ಅವನೇ ಹಾಕಿಕೊಳ್ಳಲಿ.

ವೆಲ್ಡಿಂಗ್ ಹೊಗೆ, ರಾಣೆಬೆನ್ನೂರು

ಚಿಲಕ ಮಾಡಿಸಿ, ಚೌಕ ಬಿಡಬೇಡಿ. ಪರೀಕ್ಷೆಯಲ್ಲಿ ಅವರಿಗೆ ಕೊಡುವುದು ನಕ್ಷೆ ಮತ್ತು ಅಳತೆ, ಚಿಲಕವಲ್ಲ. ಚಿಲಕ ಅರ್ಧ ಮಿಲಿಮೀಟರ್ ತಪ್ಪಿದರೂ ಬಾಗಿಲು ಮುಚ್ಚುತ್ತದೆ, ಹಾಗಾಗಿ ಅಳತೆಯ ಶಿಸ್ತು ಅದರಿಂದ ಬರುವುದಿಲ್ಲ. ಇನ್ನೊಂದು, ಕಚ್ಚಾ ಮಾಲನ್ನು ಹುಡುಗರು ಮನೆಗೆ ಒಯ್ದರು ಎಂದು ಲೆಕ್ಕಪರಿಶೋಧನೆಯಲ್ಲಿ ಬರೆದರೆ ಉತ್ತರ ಕೊಡುವವರು ನೀವೇ. ಪ್ರಾಚಾರ್ಯರಿಂದ ಲಿಖಿತ ಅನುಮತಿ ಪಡೆಯದೆ ಒಂದು ತುಂಡನ್ನೂ ಗೇಟು ದಾಟಿಸಬೇಡಿ.

ಬೇಲೂರು ಎರಡನೇ ಪಾಳಿ

ಉಪಯೋಗದ ವಸ್ತು ಮಾಡಿಸುವುದು ಒಳ್ಳೆಯದು, ಆದರೆ ಅದು ಎಲ್ಲಿ ನಿಲ್ಲಬೇಕು ಎಂಬುದನ್ನೂ ಬರೆದಿಟ್ಟುಕೊಳ್ಳಿ. ನಮ್ಮ ಕಾಲದಲ್ಲಿ ಒಬ್ಬ ಬೋಧಕರು "ಕಲಿತ ಹಾಗೂ ಆಯಿತು" ಎಂದು ತಮ್ಮ ಮನೆಯ ಕಿಟಕಿಯ ಸರಳುಗಳನ್ನೆಲ್ಲ ನಮ್ಮಿಂದಲೇ ಮಾಡಿಸಿಕೊಂಡರು.

ಗವಂತಿ

ಮೊದಲು ಚಿಲಕ, ಆಮೇಲೆ ಚೌಕ ಇರಲಿ. ಕುಪ್ಪಸದ ಅಂಚು ಮುಗಿದ ಮೇಲೆ ನನ್ನ ಹೆಣ್ಣುಮಕ್ಕಳು ತುಂಡು ಬಟ್ಟೆಯ ಮೇಲೆ ಕಷ್ಟದ ಗೋಪುರವನ್ನು ಬೇಸರವಿಲ್ಲದೆ ಬಿಡಿಸುತ್ತಾರೆ. ಮೊದಲಿನದನ್ನು ತೊಟ್ಟು ತೋರಿಸಿ ಆಗಿದೆಯಲ್ಲ, ಇನ್ನು ತುಂಡು ಎಲ್ಲಿಗೆ ಹೋದರೇನು ಎಂಬ ಧೈರ್ಯ ಬಂದಿರುತ್ತದೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುವುದನ್ನು ಒಮ್ಮೆ ಅವರಿಗೆ ತೋರಿಸಿ ತಂದೆ. ಉದ್ದ ಅಗಲ 3:2, ಚಕ್ರಕ್ಕೆ 24 ಗೆರೆ, ಅಳತೆಯಲ್ಲಿ ರಿಯಾಯಿತಿ ಇಲ್ಲ. ಅದು ಎಲ್ಲಿ ಹಾರುತ್ತದೆ ಎಂದು ಹೊಲಿಯುವವರಿಗೆ ಗೊತ್ತಿದೆ. ಮರಳಿ ಬರುವಾಗ ಬಸ್ಸಿನಲ್ಲಿ ಒಬ್ಬಳು ತನ್ನ ಹೊಲಿಗೆಯನ್ನು ತಾನೇ ಬಿಚ್ಚುತ್ತ ಕುಳಿತಿದ್ದಳು, ನಾನು ಹೇಳಿರಲಿಲ್ಲ.

ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಮೂಲೆಮಟ್ಟ ಸರ್, ಚಿಲಕದ ಬ್ಯಾಚಿನ ಹಾಜರಿಯನ್ನು ಹಿಂದಿನ ವರ್ಷಗಳ ಹಾಜರಿಯ ಪಕ್ಕದಲ್ಲಿಟ್ಟು ಬರೆದಿಡಿ. ಏರಿದರೆ ಚಿಲಕವೇ ಕಾರಣ ಎಂದು ತಕ್ಷಣ ನಂಬಬೇಡಿ. ನೀವು ಈ ವರ್ಷ ಅವರ ಬಗ್ಗೆ ಹೆಚ್ಚು ಯೋಚಿಸಿದ್ದೀರಿ ಎಂಬುದೂ ಒಂದು ಕಾರಣವಾಗಿರಬಹುದು.

ಮೂಲೆಮಟ್ಟ

ಪ್ರಾಚಾರ್ಯರು ಅನುಮತಿಗೆ ಅರ್ಜಿ ಬರೆದುಕೊಡಲು ಹೇಳಿದ್ದಾರೆ, ಕೊಟ್ಟಿದ್ದೇನೆ. ಅದು ಬರುವವರೆಗೆ ಸುಮ್ಮನಿರಲಾರದೆ, ಆ ಪೆಟ್ಟಿಗೆಯಿಂದ ಹಳೆಯ ಬ್ಯಾಚುಗಳ ಒಳ್ಳೆಯ ಜಾಬ್ ಆರನ್ನು ತೆಗೆದು, ತುಕ್ಕು ಉಜ್ಜಿ, ಎಣ್ಣೆ ಹಚ್ಚಿ ಕಪಾಟಿನಲ್ಲಿ ಇಟ್ಟೆ. ಕಲಘಟಗಿಯ ಹುಡುಗ ಅವುಗಳಲ್ಲಿ ಒಂದನ್ನು ಎತ್ತಿ, ಬೆಳಕಿಗೆ ಹಿಡಿದು, ಮೂಲೆಮಟ್ಟ ಇಟ್ಟು ನೋಡಿ, "ಇದು ಒಂದ ಕಡೆ ತಪ್ಪೈತ್ರಿ ಸರ್" ಎಂದ. ನಿಜಕ್ಕೂ ತಪ್ಪಿತ್ತು. ಅಂಕ ಹಾಕಿದವನು ನಾನೇ.

ಗೋಕುಲ ರಸ್ತೆಯವರೇ, ಮುಂದಿನ ಶನಿವಾರ ಹದಿನಾಲ್ಕು ಜನ ಬರಬಹುದೇ?

ಗೋಕುಲ ರಸ್ತೆ

ಏಳೇಳು ಜನರಂತೆ ಎರಡು ತಂಡ ಮಾಡಿ, ನಮ್ಮ ಜಾಗ ಇಕ್ಕಟ್ಟು. ಹತ್ತು ಗಂಟೆಗೆ ಬನ್ನಿ. ಬೂಟಿಲ್ಲದೆ ಚಪ್ಪಲಿಯಲ್ಲಿ ಬಂದವರನ್ನು ಒಳಗೆ ಬಿಡುವುದಿಲ್ಲ. ಆ ತಪ್ಪು ಹಿಡಿದ ಹುಡುಗನನ್ನು ಮೊದಲ ತಂಡದಲ್ಲಿ ಕಳುಹಿಸಿ, ನೀಲಿ ಬಣ್ಣ ಅವನ ಕೈಗೇ ಕೊಡುತ್ತೇನೆ.